ಹಳದಿ ದೀಪದ ಮೇಲಿನ ಪಟ

ಹೊಳೆ ದಂಡೆಯ ಮಠದಲ್ಲಿ ಗುರುಪಾದನೆಂಬ ಶಿಷ್ಯನಿದ್ದ. ಹಟಕ್ಕೆ ಬಿದ್ದರೆ ಬಿಡುವ ಆಸಾಮಿಯಲ್ಲ. ಮಠದ ಟೆಂಪೋ ಓಡಿಸುವುದು ಅವನ ಸೇವೆ.

ಅಂದು ಮುದುಕ ಮುದುಕಿಯರನ್ನು ಕಣ್ಣಿನ ಆಪರೇಷನ್ ಶಿಬಿರಕ್ಕೆಂದು ಘಾಟಿನ ಕೆಳಗಿನ ಆಸ್ಪತ್ರೆಗೆ ಒಯ್ಯಬೇಕಿತ್ತು. ಹತ್ತು ಗಂಟೆ ದಾಟಿದರೆ ಡಾಕ್ಟರು ಹೊರಟುಬಿಡುತ್ತಾರೆ. ಮತ್ತೆ ಶಿಬಿರ ಬರುವ ವರ್ಷವೇ.

ಕೀಲಿ ತಿರುಗಿಸಿದರೆ ಎದುರಿಗೆ ಹಳದಿ ದೀಪ ಹತ್ತಿತು. ಯಾವುದೋ ಟೈರಿನಲ್ಲಿ ಗಾಳಿ ಇಳಿದಿದೆ ಎಂದು ಹೇಳುವ ದೀಪ. ಗುರುಪಾದ ಇಳಿದು ಒಂದೊಂದು ಟೈರಿಗೂ ಒದ್ದು ನೋಡಿದ. ಗಟ್ಟಿಯಾಗಿಯೇ ಇವೆ ಅನ್ನಿಸಿತು.

"ಅದೇನಪಾ, ನನ್ನ ಪೊರಿಗಣ್ಣಿಗೂ ಕಾಣಾಕತ್ತೈತಿ?" ಮುಂದೆ ಕೂತಿದ್ದ ನೀಲವ್ವ ಕೇಳಿದಳು.

"ಏನಿಲ್ಲಬೇ, ಸುಮ್ಮ ಕುಂದ್ರು."

ಕಿಸೆಯಿಂದ ದೇವರ ಪುಟ್ಟ ಪಟ ತೆಗೆದು ದೀಪದ ಮೇಲೇ ಅಂಟಿಸಿದ. ದೇವರೇ ಕಾಯುವಾಗ ಇನ್ನೇನು ಚಿಂತೆ!

ಬಾಗಿಲಲ್ಲಿ ನಿಂತಿದ್ದ ಗುರುಗಳು ಇದನ್ನೆಲ್ಲ ಕಂಡರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಅವರು ಮಠದ ಗಂಟೆಯ ಹತ್ತಿರ ಹೋದರು. ಹಸಿದವರು ಯಾವ ಹೊತ್ತಿಗೆ ಬಂದು ಅದರ ಹಗ್ಗ ಜಗ್ಗಿದರೂ ಒಳಗಿನವರು ಎದ್ದು ಬಂದು ಉಣಬಡಿಸುವುದು ಅಲ್ಲಿಯ ಪದ್ಧತಿ. ಅಜ್ಜಾರು ಹೆಗಲ ಮೇಲಿನ ಅರಿವೆ ತೆಗೆದು ಗಂಟೆಯ ನಾಲಿಗೆಗೆ ಬಿಗಿಯಾಗಿ ಸುತ್ತಿದರು.

ಗುರುಪಾದ ಓಡಿ ಬಂದ.

"ಅಯ್ಯೋ, ಇದೇನ್ರಿ ಅಜ್ಜಾರ! ಹಸಿದವರು ಬಂದ್ರ ನಮಗ ಹೆಂಗ ಗೊತ್ತಾಗಬೇಕು?"

"ಸಪ್ಪಳ ಆಗಲಿಲ್ಲಂದ್ರ ಹಸಿದವರ ಇಲ್ಲ ಅಂತಾತಲ್ಲ."

"ಗಂಟಿ ಕಟ್ಟಿದ್ರ ಹಸಿವು ಹೋಗ್ತೈತೇನ್ರಿ?"

ಅಜ್ಜಾರು ಟೆಂಪೋದ ಕಡೆ ನೋಡಿದರು.

ಗುರುಪಾದನಿಗೆ ನಾಚಿಕೆಯಾಯಿತು. ಸಿಟ್ಟೂ ಬಂತು.

"ಹೊತ್ತಾದ್ರ ಇವರ ಕಣ್ಣಿನ ಗತಿ ಏನ್ರಿ?"

"ಘಾಟಿನ್ಯಾಗ ಟೈರ್ ಒಡದ್ರ ಇವರ ಜೀವದ ಗತಿ?"

ಗುರುಪಾದ ಟೆಂಪೋದತ್ತ ನಡೆದ. ಪಟ ಕಿತ್ತು, ಕಣ್ಣಿಗೊತ್ತಿ, ಕಿಸೆಗಿಟ್ಟುಕೊಂಡ. ಗಾಳಿ ಅಳೆಯುವ ಮೀಟರು ಹಿಡಿದು ಒಂದೊಂದೇ ಟೈರು ನೋಡುತ್ತ ಬಂದ. ಹಿಂದಿನದೊಂದರಲ್ಲಿ ಗಾಳಿ ಅರ್ಧವೂ ಇರಲಿಲ್ಲ. ತಡವಿದರೆ ಮೊಳೆ. ಒದ್ದಾಗ ಗಟ್ಟಿ ಅನ್ನಿಸಿದ್ದು ಇದೇ!

ಜಾಕ್ ಹಚ್ಚಿ ಸ್ಟೆಪ್ನಿ ಇಳಿಸಿದ. ನೋಡಿದರೆ ಅದೂ ಮೆತ್ತಗಾಗಿತ್ತು. ಅದನ್ನಾದರೂ ಯಾವಾಗ ನೋಡಿದ್ದ ಮಹಾರಾಯ! ಕಾಲಪಂಪು ತಂದು ತುಳಿಯತೊಡಗಿದ. ಅಂಗಿ ತೊಯ್ದು ಮೈಗಂಟಿತು.

"ಮುಟ್ಟಿಸ್ತೀನಿ ಅಂದ್ರ ಮುಟ್ಟಿಸ್ತೀನಿ," ಎಂದ, ತುಳಿಯುತ್ತಲೇ.

"ತುಳಿ ನನ ಮಗನ, ತುಳಿ!" ಕಿಟಕಿಯಿಂದ ನೀಲವ್ವ ಕೂಗಿದಳು.

ಮತ್ತೆ ಮೀಟರು ಹಿಡಿದು ನೋಡಿ, ಟೈರು ಬಿಗಿದು ಕೀಲಿ ತಿರುಗಿಸಿದ. ದೀಪ ಆರಿತ್ತು. ಇನ್ನೂ ವೇಳೆಯಿತ್ತು, ಎಲ್ಲೂ ನಿಲ್ಲದೆ ಹೋದರೆ ಮುಟ್ಟುವಷ್ಟು.

ಹೊರಡುವ ಮುಂಚೆ ಗುರುಪಾದ ಕಿಸೆಯ ಪಟ ತೆಗೆದು ಕಿಟಕಿಯಾಚೆ ತಲೆ ಹಾಕಿದ.

"ಅಜ್ಜಾರ, ದೇವರನ್ನ ಈಗ ಎಲ್ಲಿ ಇಡಲಿರಿ?"

ಅಜ್ಜಾರು ಗಂಟೆಗೆ ಸುತ್ತಿದ್ದ ಅರಿವೆ ಬಿಚ್ಚುತ್ತಿದ್ದರು.

"ಆ ದೀಪದಾಗ ಅಷ್ಟೊತ್ತು ಮಾತಾಡಿದಾಂವ ಅವನೇ. ಅವನ ಬಾಯಿ ಮ್ಯಾಲೊಂದು ಬಿಟ್ಟು, ಎಲ್ಲಿ ಬೇಕಾದ್ರೂ ಇಡಪಾ."