ಜಟ್ಟಪ್ಪನ ಮೀಸೆ

ಗಾಜಿನ ತೊಟ್ಟಿಗೆ ಹೊಸದಾಗಿ ಬಂದ ಮೀಸೆಮೀನು ಜಟ್ಟಪ್ಪನಿಗೆ ಹಸಿವು ತಾಳಲಾಗುತ್ತಿರಲಿಲ್ಲ. ಮನೆಯೊಡತಿ ಹಾಕಿದ ತಿನಿಸೆಲ್ಲ ತಳದ ಮರಳಿನೊಳಗೆ ಸೇರಿತ್ತು. ಅವನಾದರೋ ಮೀಸೆ ಮೇಲೆತ್ತಿಕೊಂಡು ಸುಮ್ಮನೆ ಸುತ್ತುತ್ತಿದ್ದ.

“ಬನ್ನಿ ಜಟ್ಟಪ್ಪನವರೇ, ಕೆದಕಿ ಉಣ್ಣಿ,” ಎಂದಿತು ಮರಳು.

“ಛೇ! ನೆಲಕ್ಕೆ ಬಿದ್ದರೂ ನಮ್ಮ ವಂಶದವರ ಮೀಸೆ ಮಣ್ಣಾಗಬಾರದು,” ಎಂದ ಜಟ್ಟಪ್ಪ.

ಮರಳು ಅವನ ಮೀಸೆಯನ್ನೇ ದಿಟ್ಟಿಸಿತು. “ಒಂದು ಕಡೆ ಅರ್ಧವೇ ಉಳಿದಿದೆಯಲ್ಲ?”

ಜಟ್ಟಪ್ಪ ಮೆಲ್ಲಗೆ ಹೇಳಿದ: “ಹಿಂದಿನ ತೊಟ್ಟಿಯಲ್ಲಿ ಚೂಪು ಜಲ್ಲಿ ಹಾಸಿದ್ದರು. ಕೆದಕಿದಾಗಲೆಲ್ಲ ಕುಯ್ಯುತ್ತಿತ್ತು.”

“ಹಾಗೆನ್ನಿ! ನಾನು ಹೊಳೆ ಮರಳು. ಉರುಳಿ ಉರುಳಿ ನನ್ನ ಮೊನೆಯೆಲ್ಲ ಎಂದೋ ಸವೆದಿದೆ. ಇನ್ನು ಮಣ್ಣೆಂದಿರಾ? ಮನೆಯೊಡತಿ ನನ್ನನ್ನು ಅಕ್ಕಿಯಂತೆ ತೊಳೆದು ತೊಳೆದು, ನೀರು ತಿಳಿಯಾದ ಮೇಲೆಯೇ ಇಲ್ಲಿಗೆ ಸುರಿದರು. ಮಣ್ಣೆಲ್ಲ ಬಚ್ಚಲು ಪಾಲಾಯಿತು.”

ಜಟ್ಟಪ್ಪ ಒಂದು ಮೀಸೆಯ ತುದಿಯನ್ನು ಮರಳಿಗೆ ಸೋಕಿಸಿದ. ನೋಯಲಿಲ್ಲ. ಇನ್ನೊಂದನ್ನೂ ಇಳಿಸಿದ. ಆಮೇಲೆ ಮುಖವನ್ನೇ ಹೂತು ಗಬಗಬನೆ ತಿಂದ. ಕೊನೆಗೆ ಮೀಸೆ ತುಂಬ ಮರಳು ಮೆತ್ತಿಕೊಂಡು ಮೇಲೆದ್ದು, ಬಾಲ ಬೀಸಿ ಕೂಗಿದ: “ನೋಡಿದಿರಾ? ಮೀಸೆ ಮಣ್ಣಾಗಲಿಲ್ಲ!”

“ಎಲ್ಲಾದರೂ ಉಂಟೇ!” ಎಂದು ನಕ್ಕಿತು ಮರಳು. “ಮರಳಾಯಿತು, ಅಷ್ಟೆ.”