ಸರಿಯದ ಚುಕ್ಕೆ

"ಗುರುಗಳೇ, ದಾರಿಯ ಹಕ್ಕು ನಮ್ಮದು ಎಂದು ಕಾನೂನೇ ಹೇಳುವಾಗ ನಾವೇಕೆ ದೀಪ ಹಿಡಿದು ನಡೆಯಬೇಕು?" ಎಂದು ಗಾದಿಲಿಂಗ ಕೇಳಿದ.

ಅವನ ಊರಿನ ನಡುವೆ ಗಣಿಯ ಲಾರಿಗಳು ಓಡುತ್ತಿದ್ದವು. ಊರೊಳಗೆ ಅವು ನಿಧಾನವಾಗಿ ಹೋಗಬೇಕು, ನಡೆಯುವವರಿಗೆ ದಾರಿ ಬಿಡಬೇಕು ಎಂದು ಗಾದಿಲಿಂಗ ಕೋರ್ಟಿನಿಂದ ಆದೇಶ ತಂದಿದ್ದ. ಲಾರಿಗಳು ಆದೇಶವನ್ನು ತುಳಿದುಕೊಂಡೇ ಓಡಿದವು. ಮರುದಿನ ನಸುಕಿನಲ್ಲಿ ಅದೇ ರಸ್ತೆಯಲ್ಲಿ ಮೆರವಣಿಗೆ ಎಂದು ನಿಶ್ಚಯವಾಗಿತ್ತು. ಶಾಲೆಯ ಮಕ್ಕಳು ಬ್ಯಾನರ್ ಹಿಡಿದು ಮುಂದೆ ನಡೆಯುವುದು, ಗಾದಿಲಿಂಗ ಹಿಂದಿನ ಜೀಪಿನಲ್ಲಿ ಮೈಕು ಹಿಡಿಯುವುದು ಎಂದು ಮಾತಾಗಿತ್ತು. ಮಂಜು ಬೀಳುವ ಕಾಲ, ಕೈಗೊಂದು ಲಾಟೀನು ಇರಲಿ ಎಂದು ಹೆಂಗಸರು ಅಂದಿದ್ದರು. ತಪ್ಪು ಮಾಡುವವನು ಲಾರಿಯವನು, ದೀಪ ಹೊರಬೇಕಾದವರು ನಾವೋ ಎಂದು ಗಾದಿಲಿಂಗ ಅವರ ಬಾಯಿ ಮುಚ್ಚಿಸಿ ಬಂದಿದ್ದ.

ಗುರುಗಳು ಸನ್ಯಾಸಕ್ಕೆ ಮೊದಲು ವಿಮಾನ ರಿಪೇರಿ ಮಾಡಿದವರು. ಅವರು ಈ ಕತೆ ಹೇಳಿದರು.

ಒಬ್ಬ ಗ್ಲೈಡರ್ ಹಾರಿಸುವವನಿದ್ದ. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಬಿಸಿಲಿಗೆ ಮೇಲೇಳುವ ಗಾಳಿಯನ್ನು ಹಿಡಿದು ಹದ್ದಿನ ಹಾಗೆ ಏರುತ್ತದೆ, ಆಮೇಲೆ ತೇಲಿಕೊಂಡು ಇಳಿಯುತ್ತದೆ. ಎಂಜಿನ್ ಇದ್ದವನು ಇಲ್ಲದವನಿಗೆ ದಾರಿ ಬಿಡಬೇಕು. ಇದು ಆಕಾಶದ ನಿಯಮ. ಒಳ್ಳೆಯ ನಿಯಮ. ಅವನು ಅದನ್ನು ಎದೆಯ ಮೇಲೆ ಪದಕದ ಹಾಗೆ ಹಾಕಿಕೊಂಡಿದ್ದ.

ಅವನು ಹಾರುವ ಬೆಟ್ಟದ ಮಗ್ಗುಲಲ್ಲಿ ಎಂಜಿನ್ ವಿಮಾನಗಳು ಹೆಚ್ಚಾದವು. ಗ್ಲೈಡರುಗಳಲ್ಲಿ ಒಂದು ಪೆಟ್ಟಿಗೆ ಕೂರಿಸಿಕೊಳ್ಳಿ, ನೀವಿರುವ ಜಾಗವನ್ನು ಅದು ಸುತ್ತಲಿನವರಿಗೆ ಸಾರುತ್ತದೆ, ಅವರ ಪರದೆಯ ಮೇಲೆ ನೀವು ಕಾಣುತ್ತೀರಿ ಎಂದು ಅಧಿಕಾರಿಗಳು ಹೇಳಿದರು. ಇವನು ಸಭೆಯಲ್ಲಿ ಎದ್ದು ನಿಂತ. ಕೊರಳಿಗೆ ಗಂಟೆ ಕಟ್ಟಿಕೊಳ್ಳಲು ನಾವೇನು ತುಡುಗು ದನವೇ ಎಂದ. ಗುದ್ದುವವನು ಅವನು, ಕಣ್ಣು ಬಿಟ್ಟು ಓಡಿಸಲಿ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪೆಟ್ಟಿಗೆ ಕಡ್ಡಾಯವಲ್ಲ ಎಂದಾಯಿತು. ಅವತ್ತು ಮೈದಾನದಲ್ಲಿ ಜಿಲೇಬಿ ಹಂಚಿದರು. ಯಾರ ಕಣ್ಣಿಗೂ ಬೀಳದಿರುವ ಹಕ್ಕನ್ನು ಗೆದ್ದುಕೊಂಡು ಜಿಲೇಬಿ ತಿಂದರು.

ಅವನ ಗ್ಲೈಡರಿನಲ್ಲಿ ಆ ಪೆಟ್ಟಿಗೆ ಮೊದಲೇ ಇತ್ತು. ಬ್ಯಾಟರಿ ಉಳಿಯಲಿ ಎಂದು ಅವನು ಅದನ್ನು ಆರಿಸಿಯೇ ಹಾರುತ್ತಿದ್ದ.

ಅವನು ಹಾರಾಟ ಕಲಿಸುವವನೂ ಹೌದು. ಕಲಿಯುವವರಿಗೆ ಮುಂದಿನ ಸೀಟು, ಕಲಿಸುವವನಿಗೆ ಹಿಂದಿನದು. ಅಲ್ಲಿಯ ಪದ್ಧತಿ ಅದು. ಒಂದು ಮಧ್ಯಾಹ್ನ ಶಿಷ್ಯೆಯೊಬ್ಬಳನ್ನು ಮುಂದೆ ಕೂರಿಸಿಕೊಂಡು ಏರಿದ. ಮೈದಾನಕ್ಕೆ ಮರಳುವಾಗ, ಎಡಗಡೆ ಗಾಜಿನಲ್ಲಿ ಒಂದು ಚುಕ್ಕೆ ಕಾಣುತ್ತಿದೆ ಎಂದು ಅವಳು ಹೇಳಿದಳು. ಅವನೂ ನೋಡಿದ. ವಿಮಾನ. ಗಾಜಿನ ಮೇಲೆ ಸರಿಯುವ ಚುಕ್ಕೆ ದಾಟಿ ಹೋಗುತ್ತದೆ, ನಿಂತಲ್ಲೇ ನಿಂತು ದಪ್ಪವಾಗುವ ಚುಕ್ಕೆ ನಿನ್ನ ಮೇಲೇ ಬರುತ್ತಿರುತ್ತದೆ ಎಂದು ಅವಳಿಗೆ ಪಾಠ ಹೇಳಿದವನು ಅವನೇ.

"ಸರ್, ಅದು ಸರೀತಾನೇ ಇಲ್ಲ. ತಿರುಗಿಸಲಾ?"

"ಬೇಡ. ದಾರಿ ನಮ್ಮದು. ಅವನೇ ತಿರುಗುತ್ತಾನೆ. ನೀನು ನೇರ ಹೋಗು."

ಚುಕ್ಕೆ ನೊಣವಾಯಿತು. ನೊಣ ಕಾಗೆಯಾಯಿತು. ಸರಿಯಲಿಲ್ಲ. ಅವಳು ಗ್ಲೈಡರನ್ನು ತಿರುಗಿಸುವ ಕೋಲನ್ನು ಎರಡೂ ಕೈಯಲ್ಲಿ ಹಿಡಿದಳು. ಅವನು ಹಿಂದೆ ಕೂತು ಒಳಗೊಳಗೇ ಬೈಯುತ್ತಿದ್ದ. ಇಷ್ಟುದ್ದದ ರೆಕ್ಕೆ ಕಾಣದೆ ಇರುತ್ತದೆಯೇ, ಕಂಡೂ ಹೆದರಿಸುತ್ತಿದ್ದಾನೆ ಬಡ್ಡಿಮಗ, ಇಳಿದ ಮೇಲೆ ವಿಚಾರಿಸಿಕೊಳ್ಳುತ್ತೇನೆ. ಆ ರೆಕ್ಕೆ ದೂರಕ್ಕೆ ಚಾಕುವಿನ ಅಲಗಿನಷ್ಟೇ ತೆಳುವು, ಬಿಳಿ ಮೋಡದ ಮುಂದೆ ಅದೂ ಬಿಳಿ ಎಂಬುದು ಅವನಿಗೆ ಹೊಳೆಯಲಿಲ್ಲ. ಹಕ್ಕು ನೆತ್ತಿಗೇರಿದವನಿಗೆ ಇನ್ನೊಬ್ಬನ ಕಣ್ಣಿನಿಂದ ನೋಡಲು ಬರುವುದಿಲ್ಲ.

ಆಮೇಲೆ ಎಂಜಿನ್ನಿನ ಸದ್ದು ಕೇಳಿಸಿತು. ಹಿಂದಿನ ಸೀಟಿಗೂ ಅಂಥದೇ ಒಂದು ಕೋಲಿತ್ತು, ಅವನು ಅದನ್ನು ಜೋರಾಗಿ ಮುಂದಕ್ಕೆ ತಳ್ಳಿದ. ಗ್ಲೈಡರ್ ಮೂಗು ಬಗ್ಗಿಸಿ ಕಲ್ಲಿನಂತೆ ಬಿತ್ತು. ತಲೆಯ ಮೇಲೆ ವಿಮಾನದ ಕತ್ತಲು ಕವಿದು ಹಾದುಹೋಯಿತು.

ಹೇಗೋ ನೆಲ ಮುಟ್ಟಿದರು. ಎಂಜಿನ್ ವಿಮಾನವೂ ಇಳಿಯಿತು. ಇವನು ಓಡಿಹೋಗಿ ಅದರ ಪೈಲಟ್‌ನ ಕೊರಳಪಟ್ಟಿ ಹಿಡಿದು, ನಿಯಮ ಗೊತ್ತಿಲ್ಲವೇನೋ ಎಂದು ಕೇಳಿದ.

ಆ ಪೈಲಟ್ ಹೇಳಿದ: "ಗೊತ್ತು ಅಣ್ಣಾ. ನಾನು ಪರದೆ ನೋಡುತ್ತಲೇ ಇದ್ದೆ. ಅದರಲ್ಲಿ ನೀವು ಇರಲೇ ಇಲ್ಲ."

ಇವನ ಕೈ ಸಡಿಲವಾಯಿತು. ತಿರುಗಿ ನೋಡಿದ. ಶಿಷ್ಯೆ ಇನ್ನೂ ಗ್ಲೈಡರಿನಲ್ಲೇ ಕೂತಿದ್ದಳು. ಕೋಲಿನಿಂದ ಅವಳ ಬೆರಳು ಬಿಡಿಸಲು ಇಬ್ಬರು ಹೆಣಗುತ್ತಿದ್ದರು. ಅವಳ ನೆತ್ತಿಯ ಮೇಲಿನ ಗಾಜಿಗೆ ಟಯರಿನ ಕಪ್ಪು ಗೀರು ಬಿದ್ದಿತ್ತು. ಹಿಂದಿನ ಸೀಟಿನ ಗಾಜು ಒರೆಸಿಟ್ಟ ಹಾಗೆ ಹೊಳೆಯುತ್ತಿತ್ತು.

ಕತೆ ಅಲ್ಲಿಗೆ ನಿಂತಿತು. ಗಾದಿಲಿಂಗನಿಗೆ ಸಿಟ್ಟು ಬಂದಿತ್ತು.

"ಹಾಗಾದರೆ ತಪ್ಪೆಲ್ಲ ಗ್ಲೈಡರಿನವನದು, ಪರದೆ ನೋಡಿಕೊಂಡು ಕೂತವನು ಸಾಚಾ. ಅಲ್ಲವೇ ಗುರುಗಳೇ? ನಾಳೆ ಲಾರಿಯವನೂ ಇದನ್ನೇ ಹೇಳುತ್ತಾನೆ, ಕಾಣಲಿಲ್ಲ ಎಂದು."

ತಪ್ಪು ಎಂಜಿನ್ನಿನವನದೇ ಎಂದರು ಗುರುಗಳು. ಗಾಜಿನಾಚೆ ನೋಡದೆ ಓಡಿಸಿದವನನ್ನು ತಾವೂ ಬಿಡುವುದಿಲ್ಲ, ಗಾದಿಲಿಂಗನೂ ಬಿಡಬಾರದು ಎಂದರು. ಗಾದಿಲಿಂಗನ ಮುಖ ಅರಳಿತು. ಅವನು ಏಳಲು ಹೊರಟಾಗ ಅವರು ಕೇಳಿದರು:

"ನಾಳೆ ನೀನು ಯಾವ ಸಾಲಿನಲ್ಲಿ ನಡೆಯುತ್ತೀಯಪ್ಪಾ?"