ಅರ್ಧ ಮದ್ದಿನ ತೋಟೆ

ದೇವರು ಬುದ್ಧಿ ಹಂಚಲು ಕುಳಿತ ದಿನ ಎಲ್ಲರೂ ಬೊಗಸೆ ಒಡ್ಡಿಕೊಂಡು ಓಡಿದರಂತೆ. ಉತ್ತಯ್ಯನಿಗೆ ಮಾತ್ರ ಅವನ ಅವ್ವ "ಇಲ್ಲೇ ನಿಂತಿರು" ಎಂದಿದ್ದಳಂತೆ. ಅವನು ಅಲ್ಲೇ ನಿಂತಿದ್ದನಂತೆ. ದೇವರ ತಪ್ಪೇನೂ ಇಲ್ಲ, ಅವನು ಕರುಣಾಳು.

ಕೊಡಗಿನ ಒಂದು ಏರಿನ ಮೇಲೆ ಆ ಅವ್ವನ ಮನೆ. ಅವಳ ಹೆಸರು ಚೋಂದವ್ವ. ಗಂಡ ತೀರಿಹೋಗಿದ್ದ. ಮಗನಿಗೆ ಮೀಸೆ ಬಂದಿತ್ತು, ಬರಬೇಕಾದ ಮಿಕ್ಕದ್ದು ಬಂದಿರಲಿಲ್ಲ.

"ಬೇರೆ ತಾಯಂದಿರು ಮಕ್ಕಳು ಮಾತು ಕೇಳೋದಿಲ್ಲ ಅಂತ ಅಳ್ತಾರೆ. ನಾನು, ಇವನು ಕೇಳ್ತಾನಲ್ಲ ಅಂತ ಅಳ್ತೇನೆ!" ಎನ್ನುತ್ತಿದ್ದಳು ಚೋಂದವ್ವ.

ಮಗಳು ಪೊನ್ನವ್ವ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹಿಂದೊಂದು ಬಸಿರು ನಿಂತಿರಲಿಲ್ಲ. ಅದಕ್ಕೇ ಚೋಂದವ್ವ ಹರಕೆ ಹೊತ್ತಿದ್ದಳು: "ಇಗ್ಗುತ್ತಪ್ಪಾ, ಗಂಡಾಗಲಿ ಹೆಣ್ಣಾಗಲಿ, ಕೂಸು ಉಳಿದು ಒಮ್ಮೆ ಅತ್ತರೆ ಸಾಕು. ಆ ಅಳು ಕೇಳಿದ ಕೂಡಲೇ ಅದರ ಅಜ್ಜನ ಕೋವಿಯಿಂದ ನನ್ನ ಕೈಯಾರೆ ಆಕಾಶಕ್ಕೆ ಗುಂಡು ಹೊಡೀತೇನೆ!"

ಮಗು ಹುಟ್ಟಿದರೆ ಗುಂಡು ಹೊಡೆದು ಊರಿಗೆ ತಿಳಿಸುವುದು ಆ ಕಡೆಯ ಪದ್ಧತಿ. ಆದರೆ ಚೋಂದವ್ವ ಅದುವರೆಗೆ ಕೋವಿಯ ಧೂಳು ಒರೆಸಿದ್ದಳೇ ಹೊರತು ಗುಂಡು ಹಾರಿಸುವ ಕುದುರೆ ಎಳೆದವಳಲ್ಲ. ಅಭ್ಯಾಸವಾಗಲಿ ಎಂದು ಒಂದು ಬೆಳಗ್ಗೆ ಅಂಗಳದಲ್ಲಿ ನಿಂತು, ಕಣ್ಣು ಮುಚ್ಚಿ, ದೇವರನ್ನು ನೆನೆದು ಎಳೆದಳು. ಢಂ! ಕೋವಿ ಹೆಗಲಿಗೆ ಒದ್ದ ಒದೆತಕ್ಕೆ ಅವಳು ಹೋಗಿ ಗೊಬ್ಬರದ ಗುಂಡಿಯಲ್ಲಿ ಕುಳಿತಳು.

"ದೇವರು ಎತ್ತಿಕೊಂಡ ಮಗಾ," ಎಂದಳು ಗೊಬ್ಬರ ಕೊಡವಿಕೊಳ್ಳುತ್ತಾ. "ಇಳಿಸಿದ ಜಾಗ ಮಾತ್ರ ಸರಿಯಿರಲಿಲ್ಲ."

ಚೋಂದವ್ವನ ಅಣ್ಣ ಮಂದಣ್ಣ ತನ್ನ ಜಗಲಿಯಲ್ಲಿ ಕೂತು ಕೈಯಾರೆ ತೋಟೆ ತುಂಬುವವನು. ತೋಟೆ ಎಂದರೆ ಹಿತ್ತಾಳೆಯ ಪುಟ್ಟ ಕೊಳವೆ. ಹೊಟ್ಟೆಯಲ್ಲಿ ಮದ್ದು, ಬಾಯಿಗೆ ಗುಂಡು. ತಂಗಿಯ ಹೆಗಲು ನೋಡಿ ಮಂದಣ್ಣ ನಕ್ಕ.

"ನೀನು ಹೊಡೆದದ್ದು ನಿನ್ನ ಗಂಡನ ತೋಟೆ ಮಾರಾಯ್ತಿ! ಹಂದಿಗೆ ಅಂತ ತುಂಬಿದ್ದು. ನಿನಗೆ ಅರ್ಧ ಮದ್ದು ಹಾಕಿ ಕೊಡ್ತೇನೆ. ಒದೆತ ಕಡಿಮೆ, ಸದ್ದಿಗೇನೂ ಮೋಸ ಇಲ್ಲ. ಕೇಳಿದ್ಯಾ ಉತ್ತಯ್ಯ? ಹೊಸಬರಿಗೆ ಯಾವತ್ತೂ ಅರ್ಧ!"

"ಆಯ್ತು ಮಾವ. ಹೊಸಬರಿಗೆ ಅರ್ಧ," ಎಂದ ಉತ್ತಯ್ಯ.

ಹೊಸ ತೋಟೆ ಹಾಕಿ ಹೊಡೆದರೆ, ಕರು ಮೂತಿಯಲ್ಲಿ ಮೆಲ್ಲಗೆ ತಳ್ಳಿದ ಹಾಗೆ! ಚೋಂದವ್ವ ನಿಂತಲ್ಲೇ ನಿಂತಿದ್ದಳು. "ನೋಡು, ಈಗ ನಾನೂ ಬೇಟೆಗಾರ್ತಿ!" ಎಂದು ತನಗೆ ತಾನೇ ನಕ್ಕಳು.

ಮಾರನೇ ದಿನ ಪೊನ್ನವ್ವನ ಅತ್ತೆ ಬೊಳ್ಳವ್ವ ಬೀಗರ ಮನೆಗೆ ಮೊದಲ ಸಲ ಬಂದಳು. ಚೋಂದವ್ವ ಮಗಳ ಕಾಲು ಒತ್ತುತ್ತಿದ್ದವಳು ಒಳಗಿನಿಂದಲೇ ಕೂಗಿದಳು, "ಉತ್ತಯ್ಯ, ಅತ್ತೆಗೆ ತಿನ್ನೋಕೆ ಕೊಡು!"

ಹೊಸಬರಿಗೆ ಅರ್ಧ! ಉತ್ತಯ್ಯ ಚಾಪೆಯನ್ನು ಅರ್ಧ ಬಿಡಿಸಿದ. ಲೋಟಕ್ಕೆ ಅರ್ಧ ಕಾಫಿ ಹೊಯ್ದ. ಕಡಂಬುಟ್ಟಿನ ದುಂಡನೆ ಉಂಡೆಯನ್ನು ಕತ್ತಿಯಿಂದ ಸರಿಯಾಗಿ ಎರಡು ಹೋಳು ಮಾಡಿ ಒಂದನ್ನು ಬಡಿಸಿ, ಇನ್ನೊಂದನ್ನು ಅವಳ ಕಣ್ಣೆದುರೇ ಪಾತ್ರೆಗೆ ವಾಪಸು ಹಾಕಿದ.

"ಇದೇನು ಹುಡುಗಾ?"

"ಜಾಸ್ತಿ ಆದ್ರೆ ನೀವು ಗೊಬ್ಬರದ ಗುಂಡಿಗೆ ಬೀಳ್ತೀರಿ ಅತ್ತೆ!"

ಬೊಳ್ಳವ್ವ ಸೆರಗು ಕೊಡವಿ ಎದ್ದು ಹೋದಳು. ಚೋಂದವ್ವ ಹಣೆ ಹಣೆ ಚಚ್ಚಿಕೊಂಡಳು. "ಮಂಕೇ! ತುಂಬಿಸಿ ಕೊಡಬೇಕು! ಸಾಕು ಸಾಕು ಅಂದ್ರೂ ಬಿಡಬಾರದು. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತ ಒತ್ತಾಯ ಮಾಡಿ ತುಂಬಬೇಕು!"

"ಆಯ್ತು ಅವ್ವ. ಒತ್ತಾಯ ಮಾಡಿ ತುಂಬ್ತೇನೆ."

ಮರುದಿನ ಇನ್ನಷ್ಟು ತೋಟೆ ತರಲು ಅವನನ್ನು ಮಾವನ ಮನೆಗೆ ಕಳಿಸಿದಳು. ಮಂದಣ್ಣ ಮದ್ದಿನ ಡಬ್ಬಿ ತೆರೆದಿಟ್ಟು, ಕೈ ತೊಳೆದು ಬರಲು ಎದ್ದ. ತಿರುಗಿ ಬಂದು ನೋಡುತ್ತಾನೆ, ಉತ್ತಯ್ಯ ತೋಟೆಯ ಮುಂದೆ ಬಗ್ಗಿ ಉಪಚಾರ ಮಾಡುತ್ತಿದ್ದಾನೆ: "ಇನ್ನು ಸ್ವಲ್ಪ... ನಾಚಿಕೆ ಮಾಡ್ಬೇಡಿ... ಇನ್ನು ಒಂದೇ ಚಮಚ!" ಮದ್ದು ತೋಟೆಯ ಬಾಯಿ ಮೀರಿ ಮೇಜಿಗೆ, ಮೇಜಿನಿಂದ ಜಗಲಿಗೆ ಸುರಿಯುತ್ತಿದೆ.

"ಅಯ್ಯಯ್ಯೋ! ಕೋವಿ ಸಿಡಿದು ನಿನ್ನ ಅವ್ವ ಸೀದಾ ಕೈಲಾಸಕ್ಕೆ ಹೋಗ್ತಿದ್ಳಲ್ಲೋ!" ಎಂದು ಮಂದಣ್ಣ ಪುಟ್ಟ ತಕ್ಕಡಿಯನ್ನು ಅವನ ಮೂಗಿನ ಮುಂದೆ ಹಿಡಿದ. "ತೂಗಬೇಕು! ಕೈಗೆ ಬಂದದ್ದನ್ನೆಲ್ಲ ಮೊದಲು ತೂಗಬೇಕು! ಹೆಚ್ಚಾದರೆ ಚಮಚದಲ್ಲಿ ತೆಗೆದು ವಾಪಸು ಹಾಕಬೇಕು!"

"ಆಯ್ತು ಮಾವ. ತೂಗ್ತೇನೆ." ತಕ್ಕಡಿಯನ್ನೂ ಚಮಚವನ್ನೂ ಜೇಬಿಗಿಳಿಸಿಕೊಂಡೇ ಬಿಟ್ಟ. ಮಾವ ಗೊಣಗುತ್ತಾ ತಾನೇ ತುಂಬಿಕೊಟ್ಟ ಅರ್ಧ ಮದ್ದಿನ ತೋಟೆಗಳನ್ನು ಹಿಡಿದು ಉತ್ತಯ್ಯ ಮನೆಗೆ ಬಂದ.

ಮಗಳ ದಿನ ಹತ್ತಿರವಾಯಿತು. ಸುಖವಾಗಿ ಹೆರಿಗೆಯಾಗಲಿ ಎಂದು ಚೋಂದವ್ವ ಮಗನನ್ನು ಕರೆದುಕೊಂಡು ಇಗ್ಗುತ್ತಪ್ಪನ ಗುಡಿಗೆ ಹೋದಳು. ಭಟ್ಟರು ಪ್ರಸಾದ ಕೊಟ್ಟರು. ಉತ್ತಯ್ಯ ತಕ್ಕಡಿ ತೆಗೆದ! ಒಂದು ತಟ್ಟೆಗೆ ಪ್ರಸಾದ, ಇನ್ನೊಂದಕ್ಕೆ ಕೋವಿಯ ಗುಂಡು.

"ಹೆಚ್ಚಾಯ್ತು ಭಟ್ರೇ," ಎಂದು ಚಮಚದಲ್ಲಿ ಕೆರೆದು ಹರಿವಾಣಕ್ಕೆ ವಾಪಸು ಹಾಕತೊಡಗಿದ.

ಭಟ್ಟರು ಕಣ್ಣು ಪಿಳಿಪಿಳಿ ಬಿಟ್ಟರು. "ಇಲ್ಲಿ ತುಲಾಭಾರ ಉಂಟು ಚೋಂದವ್ವ. ಪ್ರಸಾದಭಾರ ಅಂತ ನಾನು ಕೇಳಲಿಲ್ಲ!"

ಚೋಂದವ್ವ ನಾಚಿಕೆಯಿಂದ ಕುಗ್ಗಿಹೋದಳು. "ದೇವರು ಕೊಟ್ಟದ್ದನ್ನ ಕೆರೆದು ವಾಪಸು ಕೊಡ್ತಾರೇನೋ! ಎಲ್ಲ ಅರ್ಧಂಬರ್ಧ! ಇನ್ಮೇಲೆ ಏನು ಮಾಡಿದ್ರೂ ಪೂರ್ತಿ ಮಾಡು. ಯಾವುದನ್ನೂ ಅರ್ಧಕ್ಕೆ ನಿಲ್ಲಿಸಬೇಡ!"

"ಆಯ್ತು ಅವ್ವ. ಪೂರ್ತಿ ಮಾಡ್ತೇನೆ."

ದಾರಿಯುದ್ದಕ್ಕೂ ಚೋಂದವ್ವ ಯೋಚಿಸಿದಳು. ಅರ್ಧ ಎಂದವನು ಅಣ್ಣ, ತುಂಬು ಎಂದವಳು ತಾನು. ಮಗ ಹೇಳಿದಂತೆ ಕೇಳಿದ. ಹಾಗಾದರೆ ಪೆದ್ದರು ಯಾರು ಸ್ವಾಮಿ? ಇಗ್ಗುತ್ತಪ್ಪ ಉತ್ತರ ಹೇಳಲಿಲ್ಲ. ಹೇಳದೆ ಇದ್ದದ್ದು ಅವನ ದೊಡ್ಡತನ ಎಂದುಕೊಂಡು ಕೈಮುಗಿದಳು.

ಒಂದು ದಿನ ಬೆಳಗ್ಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದಳು. ಪೊನ್ನವ್ವ ತಾಯಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದಳು. ಬಿಸಿಲೇರುವ ಹೊತ್ತಿಗೆ ಕೂಸು ಅತ್ತಿತು. ಹೆಣ್ಣು! ದುಂಡು ದುಂಡಾಗಿ, ಮನೆ ಹಾರಿಹೋಗುವ ಹಾಗೆ ಅತ್ತಿತು!

ಹರಕೆಯ ಹೊತ್ತು ಬಂತು. ಆದರೆ ಮಗಳು ಕೈ ಬಿಡಳು! "ಅವ್ವಾ, ಹೋಗ್ಬೇಡ!" ಎಂದು ಅಳುತ್ತಾಳೆ. ಚೋಂದವ್ವ ಸೂರು ನೋಡಿದಳು. "ನನ್ನ ಹೊಟ್ಟೆಯಲ್ಲಿ ಹುಟ್ಟಿದ ಕೈಯೂ ನನ್ನ ಕೈಯೇ ಅಲ್ವಾ ಸ್ವಾಮಿ?" ಎಂದು ಕೇಳಿ, ಧೈರ್ಯ ಮಾಡಿ ಕೂಗಿದಳು:

"ಉತ್ತಯ್ಯಾ! ಕೋವಿ ತಗೋ! ನಳಿಗೆ ಆಕಾಶಕ್ಕೆ! ಒಂದು ಗುಂಡು ಹೊಡಿ, ಒಂದೇ ಒಂದು!"

ಉತ್ತಯ್ಯ ತೋಟೆ ಕೈಗೆತ್ತಿಕೊಂಡು ಯೋಚಿಸಿದ. ಇದರಲ್ಲಿರುವುದು ಅರ್ಧ. ಅವ್ವ ಹೇಳಿದ್ದು ಒಂದು, ಮತ್ತೆ ಪೂರ್ತಿ. ಢಂ! ಅರ್ಧವಾಯಿತು. ಇನ್ನೊಂದು ಹಾಕಿದ. ಢಂ! ಈಗ ಸರಿಯಾಗಿ ಒಂದಾಯಿತು.

ಕೋಣೆಯಲ್ಲಿ ಚೋಂದವ್ವ ಹೌಹಾರಿದಳು. ಆ ಕಡೆ ಒಂದು ಗುಂಡೆಂದರೆ ಹುಟ್ಟು. ಒಂದರ ಬೆನ್ನಿಗೆ ಇನ್ನೊಂದೆಂದರೆ ಸಾವು!

ಗುಡ್ಡದಾಚೆಯಿಂದ ಗೋಳು ಎದ್ದಿತು. ಗದ್ದೆ ಬಿಟ್ಟು, ಒಲೆ ಬಿಟ್ಟು ಜನ ಓಡಿ ಬಂದರು. ಮಂದಣ್ಣ ಗುದ್ದಲಿ ಹಿಡಿದು ಬಂದ. ಬೊಳ್ಳವ್ವ ಎದೆ ಎದೆ ಬಡಿದುಕೊಳ್ಳುತ್ತಾ ಬಂದಳು. "ಯಾರು ಹೋದ್ರೋ ಉತ್ತಯ್ಯಾ! ನನ್ನ ಸೊಸೆಯೋ, ಕೂಸೋ?"

"ಯಾರೂ ಹೋಗಲಿಲ್ಲ ಅತ್ತೆ. ಒಬ್ಬಳು ಬಂದ್ಳು!"

ಒಳಗಿನಿಂದ ಕೂಸಿನ ಅಳು ಕೇಳಿಸಿತು. ಬೊಳ್ಳವ್ವನ ಗೋಳು ಅರ್ಧಕ್ಕೇ ನಿಂತಿತು.

"ಮತ್ತೆ ಎರಡು ಗುಂಡು ಯಾಕೋ ಪಾಪಿ?"

"ಅರ್ಧ, ಅರ್ಧ ಅತ್ತೆ. ಸೇರಿಸಿದ್ರೆ ಒಂದೇ."

ಮಂದಣ್ಣ ಗುದ್ದಲಿ ಕೆಳಗಿಟ್ಟು, ಅದರ ಪಕ್ಕದಲ್ಲೇ ತಾನೂ ಕೂತ. "ಲೆಕ್ಕ ಸರಿಯಾಗೇ ಉಂಟಲ್ಲಪ್ಪಾ!"

"ಅಲ್ಲವೋ, ಅರ್ಧ ಗುಡ್ಡ ಅಳ್ತಾ ಬಂದೆನಲ್ಲೋ ನಾನು!" ಎಂದು ಬೊಳ್ಳವ್ವ ಕಣ್ಣೊರೆಸಿಕೊಳ್ಳಲು ಹೋದಳು.

ಉತ್ತಯ್ಯ ಅವಳ ಕೈಹಿಡಿದು ತಡೆದ. ಓಡಿ ಹೋಗಿ ಚಾಪೆ ತಂದು ಉದ್ದಕ್ಕೂ ಬಿಡಿಸಿದ. "ಕೂತ್ಕೊಳ್ಳಿ ಅತ್ತೆ. ನಿಲ್ಲಿಸ್ಬೇಡಿ. ಉಳಿದ ಅರ್ಧ ಇಲ್ಲಿ ಅತ್ತುಬಿಡಿ. ಯಾವುದನ್ನೂ ಅರ್ಧಕ್ಕೆ ನಿಲ್ಲಿಸ್ಬಾರದು ಅಂತ ಅವ್ವ ಹೇಳಿದ್ದಾಳೆ!"

ಅಷ್ಟರಲ್ಲಿ ಚೋಂದವ್ವ ಕೂಸನ್ನು ತಂದು ಬೀಗಿತ್ತಿಯ ಮಡಿಲಿಗೆ ಹಾಕಿದಳು. ಬೊಳ್ಳವ್ವ ಕೂಸಿನ ಮುಖ ನೋಡಿದಳು. ಉಳಿದರ್ಧವನ್ನೂ ಅತ್ತಳು.

"ಹಾಂ, ಹಾಗೆ!" ಎಂದ ಉತ್ತಯ್ಯ. "ಇನ್ನು ಸ್ವಲ್ಪ ಅತ್ತೆ, ನಾಚಿಕೆ ಮಾಡ್ಬೇಡಿ!"